ಒಳಅಂಚಿನ ಸವೆತ

ಕಳೆದ ವಾರ ಒಬ್ಬರು ಬಹಳ ಕಾಲ ಶೆಡ್ಡಿನಲ್ಲಿ ನಿಲ್ಲಿಸಿಟ್ಟಿದ್ದ ಕಾರನ್ನು ಎಳೆಸಿಕೊಂಡು ನಮ್ಮ ಅಂಗಡಿಗೆ ತಂದರು. ಡಿಕ್ಕಿ ತೆರೆದ ಕೂಡಲೇ ಗಾಳಿ ಕಾಣದ ಹಳೆಯ ರಬ್ಬರಿನ ವಾಸನೆ ಮುಖಕ್ಕೆ ಬಂತು. ಟೈರಿನ ವಾಸನೆ ನನಗೆ ಹೊಸದಲ್ಲ, ದಿನವಿಡೀ ಅದರ ನಡುವೆಯೇ ಇರುವವಳು. ಹೊಸ ಟೈರಿನದು ಒಂದು ಬಗೆ, ಬಿಸಿಲಲ್ಲಿ ಓಡಿ ಬಂದ ಟೈರಿನದು ಇನ್ನೊಂದು ಬಗೆ. ಕತ್ತಲಲ್ಲಿ ವರ್ಷಗಟ್ಟಲೆ ಮಲಗಿದ ರಬ್ಬರಿಗೆ ಬರುವ ಹುಳಿ ವಾಸನೆ ಮಾತ್ರ ಬೇರೆಯೇ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಕಾರಿನವರು, ‘ಎಂತ, ಇಲಿ ಸತ್ತಿದ್ಯಾ?’ ಎಂದು ಕೇಳಿದರು. ಇಲ್ಲ ಎಂದೆ. ಹೇಳಲು ಹೋಗಿದ್ದರೆ ಒಂದು ಇಡೀ ಬೇಸಿಗೆಯನ್ನೇ ಹೇಳಬೇಕಾಗುತ್ತಿತ್ತು.

ಸಾಗರದ ಸೊರಬ ರಸ್ತೆಯಲ್ಲಿ ನಮ್ಮ ಅಂಗಡಿ. ನನ್ನ ಅಪ್ಪಯ್ಯ ವಾಸಪ್ಪ ಅಲ್ಲಿ ಮೂವತ್ತು ವರ್ಷ ವೆಲ್ಡಿಂಗ್ ಮಾಡಿದವರು. ಲಾರಿ, ಜೀಪು, ಟ್ರ್ಯಾಕ್ಟರುಗಳ ಮುರಿದ ಚಾಸಿ ಕಟ್ಟುವುದರಲ್ಲಿ ಮೂರು ತಾಲೂಕಿಗೆ ಹೆಸರಾದ ಕೈ ಅವರದು. ವೆಲ್ಡಿಂಗಿನ ಬೆಳಕಿಗೆ ಕಣ್ಣು ಮಂಜಾದ ಮೇಲೆ ಕೆಲಸ ಬಿಟ್ಟು, ಅಂಗಡಿಯ ಮುಂದೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂರುತ್ತಿದ್ದರು. ನಾನು ಡಿಪ್ಲೊಮಾ ಮುಗಿಸಿ, ಶಿವಮೊಗ್ಗದಲ್ಲಿ ಕೆಲವು ವರ್ಷ ದುಡಿದು ವಾಪಸು ಬಂದು, ಅದೇ ಜಾಗದಲ್ಲಿ ವೀಲ್ ಅಲೈನ್‌ಮೆಂಟ್ ಯಂತ್ರ ಹಾಕಿದೆ. ನಾಲ್ಕು ಚಕ್ರಕ್ಕೂ ಹಲಗೆ ಕಚ್ಚಿಸಿದರೆ ಎದುರಿನ ಕ್ಯಾಮೆರಾ ಅವುಗಳನ್ನು ನೋಡಿ, ಚಕ್ರ ಎಷ್ಟು ವಾಲಿದೆ, ಎಷ್ಟು ಸೊಟ್ಟಗಿದೆ ಎಂದು ಪರದೆಯ ಮೇಲೆ ಅಂಕಿಯಲ್ಲಿ ತೋರಿಸುತ್ತದೆ. ಹೆಂಗಸು ಅಲೈನ್‌ಮೆಂಟ್ ಮಾಡುತ್ತಾಳೆ ಎಂದು ಸುಮ್ಮನೆ ನೋಡಿಹೋಗಲು ಬಂದವರೂ ಇದ್ದರು. ಕಾರು ನೇರ ಓಡತೊಡಗಿದ ಮೇಲೆ ಆ ಮಾತು ತಾನಾಗಿ ನಿಂತಿತು.

ಆ ವರ್ಷ ಶಿವರಾತ್ರಿ ಕಳೆಯುತ್ತಲೇ ಚಳಿ ಒಂದೇ ಸಲಕ್ಕೆ ಬಿಟ್ಟುಹೋಯಿತು. ಗುಡ್ಡಗಳಲ್ಲಿ ದರಗು ಉದುರಿ ಕಾಡು ಬೆತ್ತಲಾಯಿತು. ಮಧ್ಯಾಹ್ನ ಎಲ್ಲೋ ಬೆಂಕಿ ಬಿದ್ದ ಹೊಗೆ ಊರಿನ ತನಕ ಬರುತ್ತಿತ್ತು. ರಸ್ತೆ ಅಗಲ ಮಾಡುವ ಕೆಲಸ ನಡೆದಿದ್ದರಿಂದ ಕೆಂಪು ಧೂಳು ನನ್ನ ಕ್ಯಾಮೆರಾಗಳ ಮೇಲೆಲ್ಲ ಕೂತು, ಗಂಟೆಗೊಮ್ಮೆ ಒರೆಸುವುದೇ ಒಂದು ಕೆಲಸವಾಗಿತ್ತು. ಅಂಥ ಒಂದು ದಿನ ಹತ್ತು ಗಂಟೆಯ ಹೊತ್ತಿಗೆ, ಎರಡೇ ಸೀಟಿನ ತಗ್ಗಾದ ಕಾರೊಂದು ಅಂಗಡಿಯ ಎದುರು ಬಂದು ನಿಂತಿತು. ಹಳೆಯ ಇಂಗ್ಲಿಷ್ ಕಾರು. ಉದ್ದ ಮೂತಿ, ಬಟ್ಟೆಯ ಹುಡ್, ಹಾಲಿನ ಕೆನೆಯ ಬಣ್ಣ. ಅದರೊಳಗಿನಿಂದ ಆರಡಿ ಎತ್ತರದ, ತಲೆ ಪೂರ್ತಿ ಬೆಳ್ಳಗಾದ ಒಬ್ಬರು ಮೈ ಮಡಿಸಿಕೊಂಡು ಇಳಿದರು.

ಅವರು ಡಾಕ್ಟರ್ ಧರ್ಮಪ್ಪ ಗೌಡರು. ತೀರ್ಥಹಳ್ಳಿ ಕಡೆ ಜೀವನವೆಲ್ಲ ದನದ ಡಾಕ್ಟರಾಗಿ ಕೆಲಸ ಮಾಡಿ ನಿವೃತ್ತರಾದವರು. ಕುರ್ಚಿಯಲ್ಲಿದ್ದ ಅಪ್ಪಯ್ಯನನ್ನು ನೋಡಿ, ‘ವಾಸಪ್ಪ, ಗುರ್ತು ಸಿಕ್ತಾ?’ ಎಂದರು.

ಅಪ್ಪಯ್ಯ ಎದ್ದು ನಿಂತರು. ಅವರ ಕಣ್ಣು ಡಾಕ್ಟರ ಮೇಲಿರಲಿಲ್ಲ, ಕಾರಿನ ಮೇಲಿತ್ತು. ‘ಸಿಗ್ದೇ ಇರುತ್ತಾ ಡಾಕ್ಟ್ರೇ. ಕೂತ್ಕಳಿ, ಕಾಫಿಗೆ ಹೇಳ್ತೀನಿ,’ ಎಂದು ಅಂಗಡಿಯ ಹಿಂದಿನ ಮನೆಗೆ ಹೋದವರು ಡಾಕ್ಟರು ಹೋಗುವವರೆಗೂ ಹೊರಗೆ ಬರಲಿಲ್ಲ.

‘ಈ ಕಾರಿನ ಚಾಸಿ ಕಟ್ಟಿಕೊಟ್ಟಿದ್ದು ನಿಮ್ಮ ತಂದೇನೇ. ಇಪ್ಪತ್ತು ವರ್ಷ ಆಯ್ತು. ಅವತ್ತಿಂದ ಶೆಡ್ಡಲ್ಲೇ ಇತ್ತು,’ ಎಂದು ಡಾಕ್ಟರು ನನಗೆ ಹೇಳಿದರು. ‘ಈಗ ಹೊರಗೆ ತೆಗೆದ ಆರು ತಿಂಗಳಲ್ಲಿ ಎರಡು ಟೈರು ತಿಂದು ಹಾಕಿದೆ. ಎಡಗಡೆ ಮುಂದಿನದು ಮಾತ್ರ. ಶಿವಮೊಗ್ಗದಲ್ಲಿ ಎರಡು ಕಡೆ ತೋರಿಸಿದೆ. ಅಲೈನ್‌ಮೆಂಟ್ ಸರಿಯಿದೆ ಅಂತಾರೆ. ಸರಿಯಿದ್ದಿದ್ರೆ ಹಿಂಗ್ಯಾಕೆ ಸವೆಯುತ್ತೆ?’

ನಾನು ಕೂತು ಟೈರಿನ ಮೇಲೆ ಅಂಗೈ ಆಡಿಸಿದೆ. ಟೈರು ಮಧ್ಯದಲ್ಲಿ ಸವೆದರೆ ಗಾಳಿ ಹೆಚ್ಚು, ಎರಡೂ ಅಂಚು ಸವೆದರೆ ಗಾಳಿ ಕಡಿಮೆ. ಚಕ್ರ ಸೊಟ್ಟಗೆ ಓಡುತ್ತಿದ್ದರೆ ಅಂಗೈಯನ್ನು ಒಂದು ಕಡೆಗೆ ಎಳೆದಾಗ ನುಣ್ಣಗೆ, ಇನ್ನೊಂದು ಕಡೆಗೆ ಎಳೆದಾಗ ಗರಗಸದಂತೆ ತಾಗುತ್ತದೆ. ಇಲ್ಲಿ ಅದ್ಯಾವುದೂ ಇರಲಿಲ್ಲ. ಹೊರಗಿನ ಮುಕ್ಕಾಲು ಪಾಲು ಹೊಸದರಂತಿತ್ತು, ಒಳಅಂಚು ಮಾತ್ರ ನುಣ್ಣಗೆ ಬೋಳಾಗಿತ್ತು. ಅಂದರೆ ಓಡುವಾಗ ಚಕ್ರದ ತಲೆ ಕಾರಿನ ಕಡೆಗೆ ವಾಲಿ, ಒಳಅಂಚಿನ ಮೇಲಷ್ಟೇ ಭಾರ ಬೀಳುತ್ತಿದೆ.

ಡಾಕ್ಟರು ನನ್ನ ಕೈಯನ್ನೇ ನೋಡುತ್ತಿದ್ದರು. ‘ನಾನು ಕೆಚ್ಚಲು ಮುಟ್ಟಿ ನೋಡ್ತಿದ್ದೆ ಹಿಂಗೇ. ದನ ಬಾಯಿಬಿಟ್ಟು ಹೇಳಲ್ಲವಲ್ಲ,’ ಎಂದರು.

ಕಟ್ಟಿಸಿದ ಕಾರನ್ನು ಇಷ್ಟು ವರ್ಷ ಏಕೆ ಓಡಿಸಲಿಲ್ಲ ಎಂದು ಕೇಳಿದೆ. ಗಿರಾಕಿಗಳ ಜೊತೆ ಮಾತಿಗೆ ಕೇಳುವಂಥ ಪ್ರಶ್ನೆ. ಅವರು ರೋಗಿಯ ವಿವರ ಒಪ್ಪಿಸುವವರಂತೆ, ದನಿ ಏರಿಸದೆ ಇಳಿಸದೆ ಹೇಳಿದರು. ಹೆಂಡತಿ ವಿಶಾಲಾಕ್ಷಿಗೆ ಈ ಕಾರೆಂದರೆ ಪ್ರಾಣ. ಹೊಸನಗರದಲ್ಲಿ ಅವರ ತಂಗಿಯ ಮಗುವಿನ ನಾಮಕರಣ. ಆ ದಿನ ಬೆಳಿಗ್ಗೆ ಡಾಕ್ಟರಿಗೆ ಕರು ಅಡ್ಡ ಸಿಕ್ಕಿಕೊಂಡ ಎಮ್ಮೆಯೊಂದನ್ನು ನೋಡಲು ಕರೆ ಬಂತು, ಜೀಪು ತೆಗೆದುಕೊಂಡು ಹೋದರು. ಅತ್ತಿಗೆಯನ್ನು ಈ ಕಾರಿನಲ್ಲಿ ಕರೆದುಕೊಂಡು ಹೊರಟದ್ದು ತಮ್ಮ ಸುರೇಂದ್ರ. ಕವಲೇದುರ್ಗ ದಾಟಿದ ಮೇಲೆ ಒಂದು ಬಲ ತಿರುವು. ಕಾರು ತಿರುಗದೆ ಎಡಕ್ಕೆ ಹೋಗಿ ಮರಕ್ಕೆ ಹೊಡೆಯಿತು. ಎಡಗಡೆ ಕೂತಿದ್ದ ವಿಶಾಲಾಕ್ಷಿ ಅಲ್ಲೇ ಹೋದರು. ಸುರೇಂದ್ರನ ಕಾಲು ಮುರಿಯಿತು.

‘ವೇಗದ ಹುಚ್ಚು ಅವನಿಗೆ. ನೀನೇ ಕೊಂದೆ ಅಂತ ಆಸ್ಪತ್ರೆಯಲ್ಲೇ ಹೇಳಿದೆ. ಅವತ್ತಿಂದ ಮಾತಿಲ್ಲ. ಹೊಸನಗರದಲ್ಲಿ ಇದಾನೆ ಅಂತ ಕೇಳಿದೀನಿ,’ ಎಂದರು. ಕಾರಿನ ಬಾಗಿಲ ಮೇಲೆ ಕೈಯಿಟ್ಟು, ‘ಈ ಕಾರು ಯಾಕೆ ಇಟ್ಕೊಂಡಿದೀರಿ ಅಂತ ಎಲ್ಲರೂ ಕೇಳ್ತಾರೆ. ಅವಳು ಕೊನೆಗೆ ಕೂತದ್ದು ಇದರಲ್ಲಿ. ಯಾರಿಗೆ ಕೊಡ್ಲಿ?’ ಎಂದರು.

ಯಂತ್ರದ ಪಟ್ಟಿಯಲ್ಲಿ ಅಷ್ಟು ಹಳೆಯ ಕಾರಿನ ಅಳತೆ ಇರಲಿಲ್ಲ. ಕಾರಿನ ಜೊತೆ ಬಂದಿದ್ದ ಹಳೆಯ ಪುಸ್ತಕವನ್ನು ಡಾಕ್ಟರು ಜೋಪಾನವಾಗಿ ಇಟ್ಟಿದ್ದರು. ಅದರೊಳಗಿನ ಅಂಕಿಗಳನ್ನು ಕೈಯಾರೆ ಹಾಕಿ ಅಳೆದೆ. ವಾಲಿಕೆ ಸರಿಯಿತ್ತು, ನೇರ ಸರಿಯಿತ್ತು. ಚಕ್ರವನ್ನು ಜಾಕಿನ ಮೇಲೆತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿದೆ, ಸಡಿಲವಿರಲಿಲ್ಲ. ಕೀಲುಗಳ ರಬ್ಬರ್ ಬುಷ್‌ಗಳು ಸ್ವಲ್ಪ ಹಳತಾಗಿದ್ದವು, ಬದಲಾಯಿಸಿದೆ. ಹೊಸ ಟೈರು ಹಾಕಿ, ಅದರ ಹೊರಅಂಚು, ಮಧ್ಯ, ಒಳಅಂಚು ಮೂರೂ ಕಡೆ ಗೀರುಗಳ ಆಳ ಅಳೆದು ಬರೆದಿಟ್ಟುಕೊಂಡು, ಮೂರು ವಾರ ಓಡಿಸಿ ತನ್ನಿ ಎಂದು ಕಳಿಸಿದೆ.

ಆ ಮೂರು ವಾರದಲ್ಲಿ ಅಪ್ಪಯ್ಯ ಎರಡು ಸಲ, ‘ಅದು ಹಳೇ ಕಾರು. ನಮ್ಮ ಕೈಯಲ್ಲಿ ಆಗಲ್ಲ ಅಂತ ಹೇಳಿಬಿಡು,’ ಎಂದರು. ಆಗಲ್ಲ ಎಂಬ ಮಾತನ್ನು ಅವರ ಬಾಯಲ್ಲಿ ನಾನು ಕೇಳಿದವಳಲ್ಲ. ವಯಸ್ಸಾಯಿತು ಎಂದುಕೊಂಡೆ.

ಡಾಕ್ಟರು ಹೇಳಿದ ದಿನಕ್ಕೆ ಸರಿಯಾಗಿ ಬಂದರು. ಅಳೆದು ನೋಡಿದರೆ ಒಳಅಂಚು ಆಗಲೇ ಎದ್ದು ಕಾಣುವಷ್ಟು ಇಳಿದಿತ್ತು. ಅವರು ಕಾರು ನನ್ನಲ್ಲಿ ಬಿಟ್ಟು, ಎರಡು ದಿನ ವರದಹಳ್ಳಿಯ ಆಶ್ರಮದಲ್ಲಿ ಇದ್ದು ಬರುತ್ತೇನೆಂದು ಹೋದರು. ನಾನು ಮತ್ತೆ ಅಳೆದೆ. ಮತ್ತೆ ಎಲ್ಲ ಸರಿ. ಯಂತ್ರ ಸರಿ ಎನ್ನುತ್ತದೆ, ಟೈರು ಇಲ್ಲ ಎನ್ನುತ್ತದೆ. ಎರಡನೆಯ ದಿನ ಮಧ್ಯಾಹ್ನಕ್ಕೆ ನನಗೆ ಸಾಕಾಗಿತ್ತು. ಚಕ್ರದ ತಲೆಯನ್ನು ಬೇಕೆಂದೇ ಸ್ವಲ್ಪ ಹೊರಗೆ ವಾಲಿಸಿಬಿಡೋಣ, ಆಗ ಸವೆತ ಹೊರಗೂ ಒಳಗೂ ಹಂಚಿಹೋಗುತ್ತದೆ, ಡಾಕ್ಟರಿಗೆ ಟೈರು ಉಳಿಯುತ್ತದೆ, ನನಗೆ ಈ ತಲೆಬಿಸಿ ತಪ್ಪುತ್ತದೆ. ಸ್ಪ್ಯಾನರ್ ಹಿಡಿದು ಕೆಳಗೆ ತೂರುವಾಗ ಅದನ್ನೇ ಅಪ್ಪಯ್ಯನಿಗೆ ಹೇಳಿದೆ.

‘ಅದನ್ನ ಮಾಡಬೇಡ ಸುಮಾ,’ ಎಂದರು.

ಹೊರಗೆ ಬಂದು ನೋಡಿದೆ. ಅವರು ಕುರ್ಚಿಯಿಂದ ಎದ್ದು ಕಾರಿನ ಪಕ್ಕಕ್ಕೆ ಬಂದಿದ್ದರು. ಕಾರು ಬಂದ ಮೇಲೆ ಅಷ್ಟು ಹತ್ತಿರ ಬಂದದ್ದು ಅದೇ ಮೊದಲು.

‘ಹಂಗ್ ಮಾಡಿದ್ರೆ ಟೈರು ಸುಮ್ಮನಾಗುತ್ತೆ. ಒಳಗಿನ ರೋಗ ಹಂಗೇ ಇರುತ್ತೆ. ನಿನ್ನ ಯಂತ್ರ ನಿಂತ ಕಾರನ್ನ ಅಳೆಯುತ್ತೆ. ಭಾರ ಹಾಕಿ ಅಳೆದಿದ್ದೀಯಾ?’

ಗಾರೆಯವರು ಗೋಡೆ ನೇರ ನೋಡುವ ತೂಗುಗುಂಡು ಒಂದು ನಮ್ಮ ಗೋಡೆಯ ಮೊಳೆಗೆ ಯಾವಾಗಲೂ ನೇತಾಡುತ್ತಿರುತ್ತದೆ, ಅಪ್ಪಯ್ಯನ ಕಾಲದ್ದು. ಅದನ್ನು ಎಡ ಚಕ್ರದ ಮೇಲಿನ ತಗಡಿಗೆ ಕಟ್ಟಿ ಇಳಿಬಿಟ್ಟೆ. ದಾರಕ್ಕೂ ಚಕ್ರದ ತಲೆಗೂ, ದಾರಕ್ಕೂ ಚಕ್ರದ ಬುಡಕ್ಕೂ ಇದ್ದ ಅಂತರ ಅಳೆದೆ. ಪಕ್ಕದ ಬ್ಯಾಟರಿ ಅಂಗಡಿಯ ಇಬ್ಬರು ದಪ್ಪ ಆಳುಗಳನ್ನು ಕರೆದು ಕಾರಿನ ಮೂತಿಯ ಮೇಲೆ ಕೂರಿಸಿದೆ. ಚಕ್ರದ ತಲೆ ಒಳಕ್ಕೆ ಸರಿಯಿತು, ಬುಡ ಹೊರಕ್ಕೆ ಬಂತು. ಬಲಗಡೆ ಕಟ್ಟಿ ನೋಡಿದರೆ ಅಷ್ಟು ಅಲುಗಾಟವಿಲ್ಲ. ಎಡಗಡೆ ಮತ್ತೆ ಕೂರಿಸಿದೆ. ಈ ಸಲ ಎಲ್ಲೋ ಒಳಗೆ ಕಬ್ಬಿಣ ಟಿಕ್ ಎಂದಿತು.

‘ಕೆಳಗಿನ ಆರ್ಮ್ ಚಾಸಿಗೆ ಸೇರುವಲ್ಲಿ ನಾನು ಹಾಕಿದ ಪ್ಲೇಟ್ ಇದೆ. ಅದನ್ನ ಕೊಯ್ದು ತೆಗಿ,’ ಎಂದರು ಅಪ್ಪಯ್ಯ. ಆರ್ಮ್ ಎಂದರೆ ಚಕ್ರವನ್ನು ಚಾಸಿಗೆ ಹಿಡಿದಿಡುವ ಕಬ್ಬಿಣದ ತೋಳು.

ಗ್ರೈಂಡರ್ ಹಿಡಿದು ಅಪ್ಪಯ್ಯನ ವೆಲ್ಡಿಂಗನ್ನು ನಾನೇ ಕೊಯ್ದೆ. ಪ್ಲೇಟ್ ಕಳಚಿ ಬಿತ್ತು. ಅದರಡಿ ಚಾಸಿಯಲ್ಲಿ ನನ್ನ ಕಿರುಬೆರಳಿನಷ್ಟು ಉದ್ದದ ಬಿರುಕು. ಟಾರ್ಚ್ ಬಿಟ್ಟು ನೋಡಿದೆ. ಬಿರುಕಿನ ಒಂದು ತುದಿಯಲ್ಲಿ ತುಕ್ಕು ಇನ್ನೂ ಕೆಂಪಗಿತ್ತು, ಇತ್ತೀಚೆಗೆ ಮತ್ತೆ ಬಾಯಿಬಿಟ್ಟದ್ದು. ಇನ್ನೊಂದು ತುದಿ ಕಪ್ಪಾಗಿತ್ತು, ಅದರೊಳಗೆ ಮಣ್ಣೂ ಗ್ರೀಸೂ ಕಲ್ಲಿನಂತೆ ಗಟ್ಟಿಯಾಗಿ ಕೂತಿತ್ತು. ಪ್ಲೇಟ್ ಮುಚ್ಚಿದ ಮೇಲೆ ಅಲ್ಲಿಗೆ ಮಣ್ಣು ಹೋಗಲು ದಾರಿಯಿರಲಿಲ್ಲ. ಒಂದು ಹೊಡೆತಕ್ಕೆ ಸೀಳಿದ ಕಬ್ಬಿಣದೊಳಗೆ ಮಣ್ಣು, ಗ್ರೀಸು ಕೂರುವುದೂ ಇಲ್ಲ. ಅದಕ್ಕೆ ತಿಂಗಳುಗಟ್ಟಲೆ ಓಡಬೇಕು.

‘ಅಪ್ಪಯ್ಯ, ಇದು ಮರಕ್ಕೆ ಹೊಡೆದಾಗ ಆಗಿದ್ದಲ್ಲ.’

‘ಅಲ್ಲ.’

‘ನಿಂಗೆ ಗೊತ್ತಿತ್ತಾ?’

ಅವರು ನೆಲ ನೋಡುತ್ತಾ ಹೇಳಿದರು: ‘ಪ್ಲೇಟ್ ಹಾಕೋಕೆ ಮುಂಚೆ ನೋಡಿದ್ದೆ. ಎಲ್ಲರೂ ಮರಕ್ಕೆ ಹೊಡೆದು ಆರ್ಮ್ ಕಿತ್ತು ಬಂತು ಅಂದ್ರು. ಆರ್ಮ್ ಕಿತ್ತು ಬಂದು ಮರಕ್ಕೆ ಹೊಡೆದಿದ್ದು.’

‘ಹೇಳಲಿಲ್ಲ ಎಂತಕ್ಕೆ?’

‘ಡಾಕ್ಟ್ರು ಇಲ್ಲೇ, ನೀನು ನಿಂತಲ್ಲೇ ನಿಂತಿದ್ರು. ಹೆಂಡ್ತಿ ಹೋಗಿ ತಿಂಗಳಾಗಿರಲಿಲ್ಲ. ನಿಮ್ಮ ಕಾರಿಂದೇ ದೋಷ, ನೀವು ನೋಡಲಿಲ್ಲ ಅಂತ ಆ ಮುಖಕ್ಕೆ ಹೆಂಗ್ ಹೇಳ್ಲಿ? ಸತ್ತವರಂತೂ ಎದ್ದು ಬರಲ್ಲ ಅಂದ್ಕೊಂಡು ಮುಚ್ಚಿದೆ.’

‘ಓಡಿಸಿದವರು ಬದುಕಿದ್ರಲ್ಲ?’

ಅಪ್ಪಯ್ಯ ಬಗ್ಗಿ ಕಳಚಿ ಬಿದ್ದ ಪ್ಲೇಟನ್ನು ಎತ್ತಿಕೊಂಡರು. ‘ಅವರ ಮುಖ ನಾನು ನೋಡಿರಲಿಲ್ಲ ಸುಮಾ,’ ಎಂದರು. ‘ಡಾಕ್ಟ್ರು ಆ ಕಾರು ಶೆಡ್ಡಿಗೆ ಹಾಕಿದ್ರು ಅಂತ ಕೇಳಿ ಸಮಾಧಾನ ಆಗಿತ್ತು. ಅದಕ್ಕೇ ಮೊನ್ನೆ ಇಲ್ಲಿ ಬಂದು ನಿಂತಾಗ ಒಳಗೆ ಹೋಗಿ ಕೂತೆ. ಅದು ಇನ್ನೊಂದ್ಸಲ ಕೀಳುತ್ತೆ. ಈ ಸಲ ಅವರನ್ನೇ ಕೊಲ್ಲುತ್ತೆ.’

ನನಗೆ ಬಂದ ಸಿಟ್ಟು ಎಂಥದೆಂದು ಈಗಲೂ ಸರಿಯಾಗಿ ಹೇಳಲಾರೆ. ಊರಿಗೆಲ್ಲ ನೇರ ಮನುಷ್ಯನೆಂದು ಹೆಸರಾದ ಅಪ್ಪಯ್ಯ ಒಬ್ಬರಿಗೆ ಕರುಣೆ ತೋರಿಸಿ, ಇನ್ನೊಬ್ಬರನ್ನು ಇಪ್ಪತ್ತು ವರ್ಷ ಕೊಲೆಗಾರನಾಗಿ ಬಿಟ್ಟಿದ್ದರು. ಆ ಸಂಜೆ ನಾನು ಅವರ ಜೊತೆ ಊಟಕ್ಕೆ ಕೂರಲಿಲ್ಲ. ಆದರೆ ಆ ಮಧ್ಯಾಹ್ನ ನಾನೂ ಸ್ಪ್ಯಾನರ್ ಹಿಡಿದು ಅದನ್ನೇ ಮಾಡಲು ಹೊರಟಿದ್ದೆನೆಂಬುದನ್ನು ಮರೆಯಲೂ ಆಗಲಿಲ್ಲ.

ಮರುದಿನ ಡಾಕ್ಟರು ವರದಹಳ್ಳಿಯಿಂದ ಪ್ರಸಾದ ಹಿಡಿದುಕೊಂಡು ಬಂದರು. ನಾನು ಏನೂ ವಿವರಿಸದೆ ಟಾರ್ಚ್ ಕೊಟ್ಟು, ‘ನೀವೇ ನೋಡಿ ಸರ್,’ ಎಂದೆ. ಆ ವಯಸ್ಸಿನಲ್ಲಿ ಅವರು ರಿಪೇರಿಗೆಂದು ತೋಡಿದ ಗುಂಡಿಗೆ ಇಳಿದು, ಕಾರಿನ ಕೆಳಗೆ ನಿಂತು, ಬಿರುಕಿನ ಮೇಲೆ ಬೆರಳಿಟ್ಟು ನೋಡಿದರು. ಕಪ್ಪು ಕಡೆ, ಕೆಂಪು ಕಡೆ, ಮತ್ತೆ ಕಪ್ಪು ಕಡೆ.

‘ಹಳೇ ಗಾಯ, ಹೊಸ ಗಾಯ ಒಂದೇ ಥರ ಇರಲ್ಲ,’ ಎಂದು ತಮ್ಮಷ್ಟಕ್ಕೆ ಹೇಳಿಕೊಂಡರು. ಆಮೇಲೆ, ‘ಈ ಕಪ್ಪಗಿರೋದು ಯಾವಾಗಿಂದು?’ ಎಂದು ಕೇಳಿದರು.

‘ಅಪಘಾತಕ್ಕೆ ಮೊದಲಿಂದು ಸರ್. ಆರ್ಮ್ ಮೊದಲು ಕಿತ್ತಿದೆ. ಆಮೇಲೆ ಕಾರು ಎಡಕ್ಕೆ ಹೋಗಿದೆ.’

ಅವರು ಮೇಲೆ ಹತ್ತಿ ಬಂದು, ಕಾರಿನ ಹಿಂದಕ್ಕೆ ಹೋಗಿ ಡಿಕ್ಕಿ ತೆರೆದರು. ಆ ವಾಸನೆ ಬಂತು. ಒಳಗೆ ಕಂಬಳಿಯ ಅಡಿ ಸ್ಟೆಪ್ನಿ ಇತ್ತು, ಇಪ್ಪತ್ತು ವರ್ಷದಿಂದ ಯಾರೂ ಮುಟ್ಟಿರದ್ದು. ನಾನು ಕೈಹಾಕಲು ಹೋದರೆ ಬೇಡ ಎಂದು ತಾವೇ ಎತ್ತಿ ನೆಲಕ್ಕಿಟ್ಟು ಮಗುಚಿದರು. ಒಳಅಂಚು ಬೋಳಾಗಿ, ಒಳಗಿನ ನೂಲು ಹೊರಗೆ ಕಾಣುತ್ತಿತ್ತು. ಟೈರು ತಯಾರಾದ ವಾರ, ವರ್ಷ ಅದರ ಬದಿಯಲ್ಲಿ ನಾಲ್ಕು ಅಂಕಿಯಲ್ಲಿ ಬರೆದಿರುತ್ತದೆ. ಧೂಳು ಒರೆಸಿ ಓದಿದೆ. ಅಪಘಾತದ ಹಿಂದಿನ ವರ್ಷದ್ದು. ವರ್ಷ ತುಂಬುವ ಮೊದಲೇ ನೂಲು ಬಿಟ್ಟಿತ್ತು.

‘ಇದು ಮುಂದೆ ಎಡಗಡೆ ಇತ್ತು,’ ಎಂದರು ಡಾಕ್ಟರು. ‘ಅವಳು ಹೋಗೋಕೆ ಎರಡು ತಿಂಗಳು ಮುಂಚೆ ನಾನೇ ಬಿಚ್ಚಿ ಡಿಕ್ಕಿಗೆ ಹಾಕಿ, ಸ್ಟೆಪ್ನಿ ಮುಂದೆ ಹಾಕಿದೆ. ಸವೆದಿದೆ ಅಂತ ನೋಡಿದೆ. ಯಾಕೆ ಸವೆದಿದೆ ಅಂತ ಕೇಳ್ಕೊಳ್ಳಲಿಲ್ಲ.’ ಅವರ ಕೈ ಟೈರಿನ ಮೇಲೇ ಇತ್ತು. ‘ಸುರೇಂದ್ರ ಹೇಳಿದ್ದ. ಅಣ್ಣಾ, ಬ್ರೇಕ್ ಒತ್ತಿದ್ರೆ ಎಡಕ್ಕೆ ಎಳೆಯುತ್ತೆ ಅಂತ. ಎರಡು ಸಲ ಹೇಳಿದ್ದ. ನಿಂಗೆ ಓಡಿಸೋಕೆ ಬರಲ್ಲ ಅಂತ ಬೈದಿದ್ದೆ.’

ಅಷ್ಟು ಹೇಳಿ ಅವರು ನೆಲದ ಮೇಲೇ ಕೂತುಬಿಟ್ಟರು. ಆ ಹೊತ್ತಿಗೆ ಅಪ್ಪಯ್ಯ ಒಳಗಿನಿಂದ ಬಂದು ಎದುರು ನಿಂತು, ತಾವು ನೋಡಿದ್ದನ್ನೂ ಮುಚ್ಚಿದ್ದನ್ನೂ ಒಂದೇ ಉಸಿರಿನಲ್ಲಿ ಹೇಳಿದರು. ಡಾಕ್ಟರು ಸಿಟ್ಟಾಗಲಿಲ್ಲ. ‘ನೀನು ಹೇಳಿದ್ರೂ ನಾನು ಅವತ್ತು ಕೇಳ್ತಿರಲಿಲ್ಲ ವಾಸಪ್ಪ,’ ಎಂದರು. ಮತ್ತೆ ತಡೆದು, ‘ಕೇಳ್ತಿದ್ನೋ ಏನೋ. ಇನ್ನು ಅದು ಗೊತ್ತಾಗಲ್ಲ,’ ಎಂದರು.

ಹೊಸನಗರಕ್ಕೆ ಹೋಗುವುದೆಂದಾಯಿತು. ಫೋನಿನಲ್ಲಿ ಹೇಳುವ ಮಾತಲ್ಲ ಎಂದರು ಡಾಕ್ಟರು. ‘ನಾನೂ ಬರ್ತೀನಿ, ಹೇಳಬೇಕಾದವನು ನಾನು,’ ಎಂದರು ಅಪ್ಪಯ್ಯ. ಮರುದಿನ ಬೆಳಿಗ್ಗೆ ಇಬ್ಬರನ್ನೂ ನಮ್ಮ ವ್ಯಾನಿನಲ್ಲಿ ಕೂರಿಸಿಕೊಂಡು ಬಟ್ಟೆಮಲ್ಲಪ್ಪದ ದಾರಿಯಾಗಿ ಹೊರಟೆ. ಹೊಸನಗರ ಹತ್ತಿರವಾಗುತ್ತಾ ಹಿನ್ನೀರು ಇಳಿದ ಬಯಲು ಕಂಡಿತು.  ಬಿರಿದ ಕೆಸರಿನ ಮೇಲೆ ಆಗತಾನೆ ಚಿಗುರಿದ ಹುಲ್ಲಿಗೆ ದನ ಬಿಟ್ಟಿದ್ದರು. ಡಾಕ್ಟರು ಅವುಗಳನ್ನೇ ನೋಡುತ್ತಾ ಕೂತಿದ್ದರು.

ಸುರೇಂದ್ರ ಅವರು ಊರಂಚಿನಲ್ಲಿ ಹಿಟ್ಟಿನ ಗಿರಣಿ ನಡೆಸುತ್ತಿದ್ದರು. ಅರವತ್ತು ದಾಟಿದ ತೆಳ್ಳನೆಯ ಮನುಷ್ಯ, ಹುಬ್ಬಿನ ಮೇಲೆಲ್ಲ ಹಿಟ್ಟು. ಮದುವೆಯಾಗಿರಲಿಲ್ಲ. ಅಪಘಾತದ ಮೇಲೆ ಸೈಕಲ್ಲಿನ ಹ್ಯಾಂಡಲ್ ಸಹ ಹಿಡಿದಿರಲಿಲ್ಲ ಎಂದು ಆಮೇಲೆ ತಿಳಿಯಿತು. ಬಾಗಿಲಲ್ಲಿ ಅಣ್ಣನನ್ನು ಕಂಡು ಅವರು ಕೈ ಚಾಚಿ ಮೋಟಾರು ಆರಿಸಿದರು. ಬೆಲ್ಟು ತಿರುಗಿ ತಿರುಗಿ ನಿಂತಿತು.

ಅಪ್ಪಯ್ಯ ನಿಂತುಕೊಂಡೇ ಹೇಳಿದರು. ಬಿರುಕು, ತುಕ್ಕು, ಪ್ಲೇಟು, ತಾವು ಬಾಯಿ ಮುಚ್ಚಿಕೊಂಡದ್ದು. ಡಾಕ್ಟರು ಟೈರಿನ ವಿಷಯ ಹೇಳಿದರು. ಸುರೇಂದ್ರ ಅವರು ಅವರಿಬ್ಬರನ್ನೂ ಬಿಟ್ಟು ನನ್ನ ಕಡೆ ತಿರುಗಿದರು.

‘ನೀವು ಮೆಕ್ಯಾನಿಕ್ಕಾ?’

‘ಹೌದು.’

‘ಆ ಆರ್ಮ್ ಕಿತ್ತಾಗ ಸ್ಟೇರಿಂಗ್ ಬಲಕ್ಕೆ ತಿರುಗಿಸಿದ್ರೆ ಎಂತಾಗುತ್ತೆ?’

‘ಏನೂ ಆಗಲ್ಲ. ಚಕ್ರ ಮಾತು ಕೇಳಲ್ಲ. ಎಡಕ್ಕೇ ಎಳೆದುಕೊಂಡು ಹೋಗುತ್ತೆ.’

ಅವರು ಹಿಟ್ಟಿನ ಡಬ್ಬದ ಅಂಚು ಹಿಡಿದುಕೊಂಡರು. ‘ನಾನು ಬಲಕ್ಕೆ ತಿರುಗಿಸಿದ್ದೆ,’ ಎಂದರು. ‘ಮೊದಮೊದಲು ಎಲ್ಲರಿಗೂ ಹೇಳಿದೆ. ಬಲಕ್ಕೇ ತಿರುಗಿಸಿದ್ದೆ, ಅದು ಬರಲಿಲ್ಲ ಅಂತ. ಯಾರೂ ನಂಬಲಿಲ್ಲ. ಆಮೇಲಾಮೇಲೆ ನಂಗೇ ನಂಬಿಕೆ ಹೋಯ್ತು. ತಪ್ಪಿಸಿಕೊಳ್ಳೋಕೆ ನಾನೇ ಕಟ್ಟಿದ ಸುಳ್ಳು ಇದು ಅಂದ್ಕೊಂಡೆ. ಕೋರ್ಟಲ್ಲಿ ತಪ್ಪು ಒಪ್ಪಿಕೊಂಡೆ.’

‘ಸುರೇಂದ್ರ, ಅವತ್ತು ಆಸ್ಪತ್ರೆಯಲ್ಲಿ ನಾನು...’ ಎಂದು ಡಾಕ್ಟರು ಶುರುಮಾಡಿದರು.

‘ಅದು ಬೇಡ.’ ಸುರೇಂದ್ರ ಅವರು ಅಣ್ಣನ ಮುಖ ನೋಡಲಿಲ್ಲ. ಅಪ್ಪಯ್ಯನಿಗೆ, ‘ನಿಮ್ಮ ಹತ್ರ ನಂಗೆ ಮಾತಿಲ್ಲ,’ ಎಂದರು. ನನಗೆ ಮಾತ್ರ, ‘ನೀವು ಹೇಳಿದ್ದು ಒಳ್ಳೇದಾಯ್ತಮ್ಮ. ಈಗ ಹೊರಡಿ, ಗಿರಾಕಿಗಳು ಬರ್ತಾರೆ,’ ಎಂದು ಮೋಟಾರು ಹಾಕಿದರು. ಗಿರಣಿಯ ಸದ್ದಿನಲ್ಲಿ ಮತ್ತೇನನ್ನೂ ಹೇಳಲು ಆಗುತ್ತಿರಲಿಲ್ಲ. ವ್ಯಾನಿನ ತನಕ ಬರುವಾಗ ಅಪ್ಪಯ್ಯ ಎರಡು ಸಲ ಮುಗ್ಗರಿಸಿದರು. ನಾನು ಕೈ ಹಿಡಿದುಕೊಂಡೆ. ಸಿಟ್ಟು ಇನ್ನೂ ಇತ್ತು. ಆದರೂ ಹಿಡಿದುಕೊಂಡೆ.

ಆಮೇಲಿನ ದಿನಗಳಲ್ಲಿ ಚಾಸಿಯ ಕೊಳೆತ ಭಾಗವನ್ನು ಪೂರ್ತಿ ಕೊಯ್ದು ಹೊಸ ಉಕ್ಕು ಕೂರಿಸಿದೆ. ಅಪ್ಪಯ್ಯ ಪಕ್ಕದಲ್ಲಿ ಕೂತು ಹೇಳುತ್ತಾ ಹೋದರು, ನಾನು ಮಾಡುತ್ತಾ ಹೋದೆ. ಕೆಲಸದ ಮಾತಿನಿಂದಲೇ ನಮ್ಮ ನಡುವೆ ಮಾತು ಮತ್ತೆ ಹುಟ್ಟಿತು. ಮುಗಿದ ಮೇಲೆ ಬ್ಯಾಟರಿ ಅಂಗಡಿಯವರನ್ನು ಮತ್ತೆ ಕೂರಿಸಿ ತೂಗುಗುಂಡು ಕಟ್ಟಿ ನೋಡಿದೆ. ಎಡಗಡೆಯೂ ಬಲಗಡೆಯಷ್ಟೇ ಗಟ್ಟಿಯಾಗಿ ನಿಂತಿತು.

ಯುಗಾದಿ ಕಳೆದು ಮೊದಲ ಮಳೆ ಬಿದ್ದ ಮರುದಿನ ಡಾಕ್ಟರು ಕಾರು ಒಯ್ಯಲು ಬಂದಿದ್ದರು. ಮಧ್ಯಾಹ್ನದ ಹೊತ್ತಿಗೆ ಅಂಗಡಿಯ ಮುಂದೆ ಒಬ್ಬರು ಕುಂಟುತ್ತಾ ಬಂದು ನಿಂತರು. ಸುರೇಂದ್ರ ಅವರು. ಬಸ್ಸಿನಲ್ಲಿ ಬಂದಿದ್ದರು. ಯಾರನ್ನೂ ಮಾತಾಡಿಸದೆ, ‘ಆ ಕೊಯ್ದ ತುಂಡು ಇದೆಯಾ?’ ಎಂದು ನನ್ನನ್ನು ಕೇಳಿದರು. ತಂದುಕೊಟ್ಟೆ. ಬೆಳಕಿಗೆ ಹಿಡಿದು, ಕಪ್ಪಾದ ಬಿರುಕಿನ ಉದ್ದಕ್ಕೂ ಹೆಬ್ಬೆರಳು ಎಳೆದು ನೋಡಿ ವಾಪಸು ಕೊಟ್ಟರು. ಕಾರು ಅಲೈನ್‌ಮೆಂಟ್ ಅಟ್ಟಣೆಯ ಮೇಲಿತ್ತು. ಅಲ್ಲಿ ಮುಂದಿನ ಚಕ್ರಗಳ ಅಡಿ ತಿರುಗುವ ತಟ್ಟೆಗಳಿರುತ್ತವೆ, ನಿಂತಲ್ಲೇ ಸ್ಟೇರಿಂಗ್ ತಿರುಗಿಸಬಹುದು.

‘ಒಂದ್ಸಲ ಕೂತ್ಕೊಳ್ಲಾ?’ ಎಂದು ಕೇಳಿದರು.

ಡಾಕ್ಟರು ಎದ್ದು ಹೊರಗಿನ ಮೆಟ್ಟಿಲ ತನಕ ಹೋಗಿ, ಬೆನ್ನು ತಿರುಗಿಸಿ ನಿಂತರು. ಸುರೇಂದ್ರ ಅವರು ನೆಟ್ಟಗಾಗದ ಕಾಲನ್ನು ಕೈಯಿಂದ ಎತ್ತಿ ಒಳಗಿಟ್ಟುಕೊಂಡು ಕೂತರು. ಎಡಗಡೆಯ ಖಾಲಿ ಸೀಟಿನ ಕಡೆ ಒಮ್ಮೆ ನೋಡಿದರು. ನಾನು ಕಾರಿನ ಎದುರು ಚಕ್ರಗಳ ಮುಂದೆ ನಿಂತೆ.

ಅವರು ಸ್ಟೇರಿಂಗನ್ನು ಬಲಕ್ಕೆ ತಿರುಗಿಸಿದರು.

‘ತಿರುಗ್ತಾ?’

‘ತಿರುಗ್ತು.’

‘ಎತ್ಲಾಗೆ?’

‘ಬಲಕ್ಕೆ.’

ನೇರ ಮಾಡಿದರು. ಮತ್ತೆ ಬಲಕ್ಕೆ ತಿರುಗಿಸಿದರು. ‘ಈಗ?’

‘ಬಲಕ್ಕೇ.’

ನಾಲ್ಕು ಸಲವೋ ಐದು ಸಲವೋ ಹಾಗೆ ಮಾಡಿದರು. ಪ್ರತಿ ಸಲ ಕೇಳಿದರು, ಪ್ರತಿ ಸಲ ನಾನು ಬಲಕ್ಕೆ ಎಂದೆ. ಕೊನೆಗೆ ಸ್ಟೇರಿಂಗಿನ ಮೇಲೆ ಹಣೆಯಿಟ್ಟು ಸ್ವಲ್ಪ ಹೊತ್ತು ಕೂತರು. ಹೊರಗೆ ರಸ್ತೆಯಲ್ಲಿ ಲಾರಿಗಳು ಹೋಗುತ್ತಿದ್ದವು.

ಇಳಿದು ಬಂದವರು ಅಪ್ಪಯ್ಯನ ಕುರ್ಚಿಯನ್ನು ನೋಡದೆ ದಾಟಿದರು. ಅಪ್ಪಯ್ಯ ಕೈಮುಗಿದದ್ದನ್ನು ಅವರು ಕಂಡಿರಲೇಬೇಕು. ಕೊನೆಯವರೆಗೂ ಅವರು ಅಪ್ಪಯ್ಯನ ಜೊತೆ ಮಾತಾಡಲಿಲ್ಲ, ಅಪ್ಪಯ್ಯನೂ ಅದನ್ನು ಅನ್ಯಾಯವೆಂದು ಒಂದು ದಿನವೂ ಅನ್ನಲಿಲ್ಲ. ಮೆಟ್ಟಿಲ ಹತ್ತಿರ ಸುರೇಂದ್ರ ಅವರು ನಿಂತರು.

‘ಅಣ್ಣಾ, ಹೊಸನಗರದ ಬಸ್ಸು ಎಷ್ಟೊತ್ತಿಗೆ?’

ಡಾಕ್ಟರು ಈ ಕಡೆ ತಿರುಗಿದರು. ‘ಕಾರಿದೆಯಲ್ಲೋ. ಬಿಟ್ಟು ಬರ್ತೀನಿ,’ ಎಂದರು.

‘ಕಾರು ಬೇಡ.’

‘ಹಂಗಾರೆ ಬಸ್‌ಸ್ಟ್ಯಾಂಡ್ ತನಕ ಬರ್ತೀನಿ.’

‘ಬಾ.’

ಇಬ್ಬರೂ ಒದ್ದೆ ರಸ್ತೆಯ ಅಂಚಿನಲ್ಲಿ ನಡೆದು ಹೋದರು. ಡಾಕ್ಟರು ಉದ್ದ ಕಾಲಿನವರು, ತಮ್ಮನ ಕುಂಟುನಡಿಗೆಗೆ ಸರಿಯಾಗಿ ಹೆಜ್ಜೆ ಕಿರಿದು ಮಾಡಿಕೊಂಡಿದ್ದರು. ಸಂಜೆ ಅಂಗಡಿ ಮುಚ್ಚುವ ತನಕ ಕಾದೆ, ಅವರು ಕಾರಿಗೆ ಬರಲಿಲ್ಲ. ಮರುದಿನವೂ ಬರಲಿಲ್ಲ. ಬಂದದ್ದು ಮೂರನೆಯ ದಿನ ಬೆಳಿಗ್ಗೆ, ಹೊಸನಗರದ ಮೊದಲ ಬಸ್ಸಿಗೆ. ಉಟ್ಟ ಬಟ್ಟೆಯಲ್ಲೇ ಹೋದವರು ತಮ್ಮನ ಅಂಗಿ ಹಾಕಿಕೊಂಡಿದ್ದರು. ಅದು ಅವರಿಗೆ ಗಿಡ್ಡವಾಗಿತ್ತು, ತೋಳಿನ ತುಂಬ ಹಿಟ್ಟಿತ್ತು.